ಊರವರ ಬಚ್ಚಲಿಗೆ ಅತಿಥಿಯಾಗಿ: ನೊಜಾವಾ ಒನ್ಸೆನ್‌ನ ಒಂದು ವರ್ಷ

ಜಪಾನಿನ ಬೆಟ್ಟದೂರು ಅಂದ ಕೂಡಲೇ ನಿಮಗೆಲ್ಲ ಹಿಮ, ಸ್ಕೀ ನೆನಪಾಗುತ್ತವೆ. ಅದಕ್ಕೂ ಬರುತ್ತೇನೆ. ಆದರೆ ನಾನು ನವೆಂಬರ್ ತಿಂಗಳಿನಿಂದ ಶುರು ಮಾಡುತ್ತೇನೆ. ಆಗ ನೊಜಾವಾ ಒನ್ಸೆನ್‌ನಲ್ಲಿ ಹಿಮ ಇನ್ನೂ ಕೂತಿರುವುದಿಲ್ಲ, ಪ್ರವಾಸಿಗರೂ ಕಡಿಮೆ. ಒನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ, ಊರಿನ ಹೆಸರಿನಲ್ಲೇ ಅದಿದೆ. ಊರಿನ ಸ್ನಾನದ ಮನೆಗೆ ಹೋದರೆ ಬಿಸಿನೀರಿನ ತೊಟ್ಟಿಯಲ್ಲಿ ಜನರ ಬದಲು ಸೊಪ್ಪು ಇರುತ್ತದೆ. ಮೊಣಕಾಲಿನಿಂದ ಸೊಂಟದವರೆಗೆ ಬರುವಷ್ಟು ಉದ್ದದ, ದಂಟು ದಪ್ಪಗಿರುವ ಹಸಿರು ಸೊಪ್ಪು. ರಬ್ಬರ್ ಬೂಟು ಹಾಕಿಕೊಂಡ ಮನೆಮನೆಯ ಹೆಂಗಸರು, ಗಂಡಸರು ಸಾಲಾಗಿ ನಿಂತು ಮಾತಾಡುತ್ತಾ ಅದನ್ನು ತೊಳೆಯುತ್ತಿರುತ್ತಾರೆ.

ಆ ಸೊಪ್ಪಿನ ಹೆಸರು ನೊಜಾವಾನಾ. ಟರ್ನಿಪ್ ಜಾತಿಯದು. ಈ ಊರಿನ ಕೆನ್ಮೇಜಿ ದೇವಾಲಯದ ಗುರುವೊಬ್ಬರು 18ನೇ ಶತಮಾನದಲ್ಲಿ ಕ್ಯೋಟೊ ಕಡೆಗೆ ಹೋದವರು ಅಲ್ಲಿಂದ ಟರ್ನಿಪ್ ಬೀಜ ತಂದರೆಂದೂ, ಈ ಚಳಿಯಲ್ಲಿ ಗೆಡ್ಡೆ ಸಣ್ಣದಾಗಿ ಉಳಿದು ಎಲೆ ಮಾತ್ರ ಎತ್ತರಕ್ಕೆ ಬೆಳೆಯಿತೆಂದೂ ಊರಿನವರು ಹೇಳುತ್ತಾರೆ. ಚಳಿಗಾಲಕ್ಕೆ ಮುಂಚೆ ಅದನ್ನು ಉಪ್ಪಿನಲ್ಲಿ ಹಾಕಿಡಬೇಕು. ಚಳಿ ಹತ್ತಿರ ಬಂದಾಗ ಕೊಳಾಯಿ ನೀರಿನಲ್ಲಿ ಅಷ್ಟೊಂದು ಸೊಪ್ಪು ತೊಳೆದರೆ ಬೆರಳು ಮರಗಟ್ಟುತ್ತದೆ. ಭೂಮಿಯೊಳಗಿಂದ ಬಿಸಿನೀರು ಸುಮ್ಮನೆ ಬರುತ್ತಿರುವಾಗ ಮರಗಟ್ಟಿಸಿಕೊಳ್ಳುವುದು ಯಾಕೆ? ಬಿಸಿನೀರಿನಲ್ಲಿ ತೊಳೆದರೆ ದಂಟು ಮೆತ್ತಗಾಗಿ ಉಪ್ಪು ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಅವರ ಅನುಭವ.

ಈ ಸೊಪ್ಪಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ರೆಸಾರ್ಟ್ ಊರು ಅಂದರೆ ನಾವು ಬಂದವರಿಗಾಗಿ ಕಟ್ಟಿದ ಊರು ಅಂದುಕೊಳ್ಳುತ್ತೇವೆ. ನೊಜಾವಾ ಒನ್ಸೆನ್ ಹಾಗಿಲ್ಲ. ಸುಮಾರು 3,500 ಜನರಿರುವ ಈ ಹಳ್ಳಿಯ ಬಿಸಿನೀರು ಮೊದಲು ಊರಿನವರದು. ಸೊಪ್ಪು ತೊಳೆಯಲು, ತರಕಾರಿ ಬೇಯಿಸಲು, ದುಡಿದ ಮೈಯ ದಣಿವು ಇಳಿಸಲು ಅವರು ಅದನ್ನು ಬಳಸುತ್ತಾರೆ. ಅದರಲ್ಲೇ ನಮಗೂ ಒಂದಷ್ಟು ಜಾಗ ಕೊಟ್ಟಿದ್ದಾರೆ. ಇದು ಮನಸ್ಸಿನಲ್ಲಿದ್ದರೆ ಅಲ್ಲಿ ಹೇಗಿರಬೇಕು ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ.

ಊರು ನಾಗಾನೊ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಕೆನಾಶಿ ಬೆಟ್ಟದ ಪಾದದಲ್ಲಿದೆ. ಬೆಟ್ಟದ ಎತ್ತರ 1,650 ಮೀಟರ್. ಊರು ಸುಮಾರು 600 ಮೀಟರಿನಲ್ಲಿದೆ. ಕೆಳಗೆ ಕಣಿವೆಯಲ್ಲಿ ಚಿಕುಮಾ ನದಿ. ಬೀದಿಗಳು ಕಿರಿದು, ಎಲ್ಲವೂ ಏರು ಇಳಿಜಾರು. ಬೀದಿಯ ಪಕ್ಕದ ಮೋರಿಯಲ್ಲಿ ಬಿಸಿನೀರು ಹರಿಯುತ್ತದೆ, ಅದರ ಹಬೆ ಕಾಲಿನ ಹತ್ತಿರ ಏಳುತ್ತಿರುತ್ತದೆ, ಗಂಧಕದ ವಾಸನೆ ಎಲ್ಲೆಲ್ಲೂ ಇರುತ್ತದೆ.

ಊರಿನ ಮೇಲ್ಭಾಗದಲ್ಲಿ ಒಗಾಮಾ ಅನ್ನುವ ಜಾಗವಿದೆ. ಕಲ್ಲು ಕಟ್ಟಿದ ಐದು ಹೊಂಡಗಳಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್ ನೀರು ಕುದಿಯುತ್ತಾ ಉಕ್ಕುತ್ತಿರುತ್ತದೆ. ದೇಶದ ಸಂರಕ್ಷಿತ ನೈಸರ್ಗಿಕ ಸ್ಮಾರಕಗಳಲ್ಲಿ ಇದೂ ಒಂದು. ಹಿಂದೆ ಇಲ್ಲಿ ನಾರಿನ ಗಿಡಗಳನ್ನು ನೆನೆಹಾಕಿ ನಾರು ಬಿಡಿಸುತ್ತಿದ್ದರು. ಇವತ್ತಿಗೂ ಊರಿನವರು ಬುಟ್ಟಿಯಲ್ಲಿ ಸೊಪ್ಪು, ಮೊಟ್ಟೆ ತಂದು ಇಳಿಬಿಟ್ಟು ಬೇಯಿಸಿಕೊಂಡು ಹೋಗುತ್ತಾರೆ. ಅದು ಊರಿನ ಅಡುಗೆಮನೆ, ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ನೀರು ಅಷ್ಟು ಬಿಸಿಯಿರುವುದರಿಂದ ಜಾರಿದರೆ ಪ್ರಾಣಕ್ಕೇ ಅಪಾಯ. ಬೇಲಿಯ ಈಚೆ ನಿಂತು ನೋಡಿ, ಸಾಕು.

ಇನ್ನು ಸ್ನಾನದ ಮನೆಗಳು. ಊರಿನೊಳಗೆ ಒಟ್ಟು 13 ಇವೆ, ಸೊತೊಯು ಅನ್ನುತ್ತಾರೆ. ನಡುವೆ ಇರುವ ಓಯು ಎಲ್ಲಕ್ಕಿಂತ ಹೆಸರುವಾಸಿ. ಎದೋ ಕಾಲದ, ಅಂದರೆ 17ರಿಂದ 19ನೇ ಶತಮಾನದ, ದೇವಾಲಯದ ಶೈಲಿಯಲ್ಲಿ ಕಟ್ಟಿದ ಮರದ ಕಟ್ಟಡ. ಕುಮಾನೊತೆಅರಾಯು ಅನ್ನುವುದಕ್ಕೆ ಗಾಯಗೊಂಡ ಕರಡಿಯ ಹಿಂದೆ ಹೋದ ಬೇಟೆಗಾರನಿಗೆ ಈ ನೀರು ಸಿಕ್ಕಿತೆನ್ನುವ ಕತೆ ಇದೆ. ಹದಿಮೂರಕ್ಕೂ ಟಿಕೆಟ್ ಇಲ್ಲ. ಬಾಗಿಲಲ್ಲಿ ಒಂದು ಕಾಣಿಕೆ ಪೆಟ್ಟಿಗೆ ಇರುತ್ತದೆ, ನಾಣ್ಯ ಹಾಕಿ ಒಳಗೆ ಹೋಗುವುದು. ಬೆಳಗಿನ ಜಾವದಿಂದ ರಾತ್ರಿ 11ರವರೆಗೆ ತೆರೆದಿರುತ್ತವೆ.

ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಹಾಗಾದರೆ ತೊಟ್ಟಿ ಇಷ್ಟು ಶುಚಿಯಾಗಿ ಇರುವುದು ಹೇಗೆ? ನಾನು ಇವತ್ತು ನಿಮ್ಮ ಮುಂದೆ ಮಾತಾಡಲು ಒಪ್ಪಿಕೊಂಡಿದ್ದೇ ಈ ಪ್ರಶ್ನೆಗಾಗಿ. ಪ್ರತಿಯೊಂದು ಸ್ನಾನದ ಮನೆಗೂ ಅದರ ಸುತ್ತಲಿನ ಮನೆಗಳ ಒಂದು ಬಳಗವಿದೆ. ಅದನ್ನು ಯುನಕಾಮಾ ಅನ್ನುತ್ತಾರೆ. ನೆಲ ಉಜ್ಜುವುದು, ತೊಟ್ಟಿ ಖಾಲಿ ಮಾಡಿ ತಿಕ್ಕುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲ ಆ ಮನೆಗಳದೇ ಹೊಣೆ, ಪಾಳಿಯ ಮೇಲೆ ನಡೆಯುತ್ತದೆ. ಇವತ್ತು ಈ ಮನೆ, ನಾಳೆ ಪಕ್ಕದ ಮನೆ. ವಸತಿಗೃಹ ನಡೆಸುವವರು, ಶಾಲೆಯಲ್ಲಿ ಪಾಠ ಮಾಡುವವರು, ತೋಟ ಮಾಡುವವರು ಎಲ್ಲರೂ ಇದರಲ್ಲಿ ಬರುತ್ತಾರೆ.

ಇದರ ಮೇಲೆ ಇನ್ನೊಂದು ಹಳೆಯ ವ್ಯವಸ್ಥೆ ಇದೆ, ನೊಜಾವಾ-ಗುಮಿ. ಸರ್ಕಾರಿ ಗ್ರಾಮಾಡಳಿತ ಬರುವುದಕ್ಕೆ ಎಷ್ಟೋ ಮುಂಚಿನಿಂದ ನಡೆದುಬಂದ ಊರ ಕೂಟ. ಊರಿನವರೇ ಆರಿಸಿದ ಹಿರಿಯರೊಬ್ಬರು ಅದರ ಮುಖಂಡರಾಗಿರುತ್ತಾರೆ, ಅವರಿಗೆ ಸೋದಾಯ್ ಅನ್ನುತ್ತಾರೆ. ಬೆಟ್ಟದ ಕಾಡು, ನೀರಿನ ಮೂಲ, ಬಿಸಿನೀರಿನ ಬುಗ್ಗೆಗಳನ್ನು ಊರಿನ ಸಾಮಾನ್ಯ ಆಸ್ತಿಯಾಗಿ ಕಾಪಾಡಿಕೊಂಡು ಬಂದವರು ಇವರು. ಹಣ ಇದ್ದವನು ಬಂದು ಒಂದು ಬುಗ್ಗೆಗೆ ಬೇಲಿ ಹಾಕಿ ತನ್ನ ಹೋಟೆಲಿಗೆ ಮಾತ್ರ ಪೈಪ್ ಎಳೆದಿದ್ದರೆ ಆ ಹದಿಮೂರು ಸ್ನಾನದ ಮನೆಗಳು ಇವತ್ತು ಇರುತ್ತಿರಲಿಲ್ಲ. ನೀರು ಹಂಚಿಕೊಂಡದ್ದು ಉಳಿಯಿತು, ಉಳಿದದ್ದನ್ನು ನೋಡಲು ಜನ ಬಂದರು. ಊರಿಗೆ ಹೆಸರು ಬಂದ ಕ್ರಮ ಇದು ಅನ್ನುವುದು ನನ್ನ ನಂಬಿಕೆ.

ಹಾಗಾಗಿ ಒಳಗೆ ಹೋದಾಗ ಕೆಲವು ವಿಷಯ ಗಮನದಲ್ಲಿರಲಿ. ಬಟ್ಟೆ ಪೂರ್ತಿ ಬಿಚ್ಚಿಯೇ ಇಳಿಯಬೇಕು, ಈಜುಡುಗೆ ನಡೆಯುವುದಿಲ್ಲ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ತೊಟ್ಟಿ. ನಮ್ಮವರಿಗೆ ಮೊದಲ ಸಲ ಸಂಕೋಚವಾಗುತ್ತದೆ, ನಿಜ. ಅಲ್ಲಿ ಯಾರೂ ಯಾರನ್ನೂ ನೋಡುತ್ತಾ ಕೂರುವುದಿಲ್ಲ, ಐದು ನಿಮಿಷದಲ್ಲಿ ಅದು ಹೋಗಿಬಿಡುತ್ತದೆ. ತೊಟ್ಟಿಗೆ ಇಳಿಯುವ ಮುಂಚೆ ಹೊರಗೆ ಕೂತು ತಂಬಿಗೆಯಲ್ಲಿ ನೀರು ಮೊಗೆದು ಮೈ ತೊಳೆದುಕೊಳ್ಳಬೇಕು. ಸೋಪು ತೊಟ್ಟಿಯೊಳಗೆ ಬೀಳಬಾರದು, ಟವೆಲ್ ನೀರಿಗೆ ಅದ್ದಬಾರದು, ಉದ್ದ ಕೂದಲಿದ್ದರೆ ಮೇಲಕ್ಕೆ ಕಟ್ಟಿಕೊಳ್ಳಬೇಕು. ಮೊಬೈಲ್ ಹೊರಗೆ ತೆಗೆಯಲೇಬಾರದು.

ನೀರು ಬಹಳ ಬಿಸಿ. ಬೆಂಗಳೂರಿನ ಗೀಸರ್ ನೀರಿನ ಲೆಕ್ಕದಲ್ಲಿ ಹೋದರೆ ಪಾದ ಇಟ್ಟ ಕೂಡಲೇ ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ತಣ್ಣೀರಿನ ನಲ್ಲಿ ಇರುತ್ತದೆ. ಆದರೆ ಅದನ್ನು ತಿರುಗಿಸುವ ಮುಂಚೆ ಒಳಗೆ ಕೂತಿರುವ ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ. ಬಿಸಿ ಹಾಗೇ ಇರಲಿ ಅನ್ನುವವರು ಅವರು, ಆದರೂ ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ತಾವೇ ಎದ್ದು ತಿರುಗಿಸಿ ಕೊಡುತ್ತಾರೆ. ಕೇಳದೆ ತಿರುಗಿಸಿ ಬಿಟ್ಟುಹೋದರೆ ಮುಂದೆ ಬರುವ ಇಡೀ ಕೇರಿಗೆ ಆ ದಿನದ ಸ್ನಾನ ಕೆಟ್ಟಿತು. ಕೆಲವೇ ನಿಮಿಷ ಕೂತು ಎದ್ದುಬಿಡಿ, ಹೊರಗೆ ತಣ್ಣಗಾಗಿ, ಬೇಕಾದರೆ ಮತ್ತೆ ಇಳಿಯಿರಿ. ಬಿಪಿ ಇರುವವರು ಮೊದಲೇ ವೈದ್ಯರನ್ನು ಕೇಳಿಕೊಂಡು ಹೋಗಿ. ಕುಡಿದು ಇಳಿಯುವುದಂತೂ ಬೇಡವೇ ಬೇಡ.

ಈಗ ಹಿಮಕ್ಕೆ ಬರೋಣ. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರದ ಮೇಲೆ ಹಾದು ಬರುವಾಗ ಅಲ್ಲಿನ ಬೆಚ್ಚಗಿನ ಪ್ರವಾಹದಿಂದ ತೇವ ಹೀರಿಕೊಳ್ಳುತ್ತದೆ. ಕರಾವಳಿ ದಾಟಿ ಬೆಟ್ಟಕ್ಕೆ ತಾಗಿ ಮೇಲೇರಿದ ಕೂಡಲೇ ಹೊತ್ತು ತಂದ ತೇವವನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಅರಬ್ಬಿ ಸಮುದ್ರದ ಮೋಡ ನಮ್ಮ ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿಯುವುದೂ ಇದೇ ರೀತಿಯಲ್ಲಿ, ಅಲ್ಲಿ ಮಾತ್ರ ಸುರಿಯುವ ಕಾಲ ಚಳಿಗಾಲ. ಹಾಗಾಗಿ ಅಕ್ಷಾಂಶದಲ್ಲಿ ಅಷ್ಟೇನೂ ಉತ್ತರಕ್ಕಿಲ್ಲದ, ಇಷ್ಟು ತಗ್ಗಿನ ಊರಿನಲ್ಲಿ ಒಂದೊಂದು ವರ್ಷ ಮನೆಯ ಮೊದಲ ಮಹಡಿಯವರೆಗೆ ಹಿಮ ಏರುತ್ತದೆ.

ಈ ಹಿಮ ಅವರಿಗೆ ಶತಮಾನಗಳ ಕಾಲ ಕಷ್ಟವೇ ಆಗಿತ್ತು. ಬೇಸಾಯ ನಿಲ್ಲುತ್ತಿತ್ತು, ಗಂಡಸರು ಕೂಲಿ ಹುಡುಕಿಕೊಂಡು ದೂರ ಹೋಗಬೇಕಾಗುತ್ತಿತ್ತು. 1911ರಲ್ಲಿ ಥಿಯೊಡೊರ್ ಫಾನ್ ಲೆರ್ಖ್ ಅನ್ನುವ ಆಸ್ಟ್ರಿಯಾದ ಸೇನಾಧಿಕಾರಿ, ಬೆಟ್ಟಸಾಲಿನ ಆಚೆಯ ತಕಾದಾದಲ್ಲಿ ಜಪಾನಿ ಸೈನಿಕರಿಗೆ ಸ್ಕೀ ಹೇಳಿಕೊಟ್ಟರು. ಅಲ್ಲಿಂದ ಹನ್ನೆರಡೇ ವರ್ಷಕ್ಕೆ, 1923ರಲ್ಲಿ, ನೊಜಾವಾದವರು ತಮ್ಮದೇ ಸ್ಕೀ ಕ್ಲಬ್ ಕಟ್ಟಿಕೊಂಡರು. 1930ರಲ್ಲಿ ಆಧುನಿಕ ಸ್ಕೀ ಕಲಿಕೆಗೆ ತಳಹದಿ ಹಾಕಿದ ಹಾನ್ನೆಸ್ ಶ್ನೈಡರ್ ಜಪಾನಿಗೆ ಬಂದಾಗ ಇಲ್ಲಿಗೂ ಬಂದಿದ್ದರು, ಒಂದು ಇಳಿಜಾರಿಗೆ ಇವತ್ತಿಗೂ ಅವರ ಹೆಸರಿದೆ. ಆಸ್ಟ್ರಿಯಾದಲ್ಲಿರುವ ಅವರ ಊರಾದ ಸಾಂಕ್ಟ್ ಆಂಟೊನ್ ಮತ್ತು ನೊಜಾವಾ 1971ರಿಂದ ಸೋದರಿ ಊರುಗಳು.

ನನಗೆ ಇಲ್ಲಿ ಇಷ್ಟವಾಗುವುದು ಆ ಕ್ಲಬ್ಬಿನ ಕತೆ. ಯುದ್ಧದ ನಂತರ ಲಿಫ್ಟ್ ಹಾಕಿ ನಡೆಸಿದವರೂ ಕ್ಲಬ್ಬಿನವರೇ. 1963ರಲ್ಲಿ ಆ ಸ್ಕೀ ಮೈದಾನವನ್ನು ಅವರು ಗ್ರಾಮಕ್ಕೆ ಒಪ್ಪಿಸಿದರು. ಗ್ರಾಮ 2005ರವರೆಗೆ ನೇರವಾಗಿ ನಡೆಸಿತು, ಆಮೇಲೆ ಅದಕ್ಕೆಂದೇ ಕಂಪನಿಯೊಂದು ಬಂತು. ಬಿಸಿನೀರಿಗೆ ಇದ್ದ ಪದ್ಧತಿಯೇ ಹಿಮಕ್ಕೂ ಬಂತು ನೋಡಿ. ಊರಿನ ಮಕ್ಕಳು ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಸ್ಕೀ ಮೇಲೆ ನಿಲ್ಲುತ್ತಾರೆ. 1992 ಮತ್ತು 1994ರ ಒಲಿಂಪಿಕ್ಸ್‌ನಲ್ಲಿ ನಾರ್ಡಿಕ್ ಕಂಬೈನ್ಡ್ ಅನ್ನುವ, ಸ್ಕೀ ಜಿಗಿತ ಸ್ಕೀ ಓಟ ಎರಡೂ ಸೇರಿದ ಸ್ಪರ್ಧೆಯಲ್ಲಿ ಜಪಾನ್ ತಂಡಕ್ಕೆ ಚಿನ್ನ ತಂದುಕೊಟ್ಟವರಲ್ಲಿ ಒಬ್ಬರಾದ ಕೋನೊ ತಕಾನೊರಿ ಈ ಊರಿನವರು. 1998ರ ನಾಗಾನೊ ಒಲಿಂಪಿಕ್ಸ್‌ನ ಬಯಾಥ್ಲಾನ್, ಅಂದರೆ ಸ್ಕೀ ಓಟದ ನಡುವೆ ಬಂದೂಕಿನಿಂದ ಗುರಿ ಹೊಡೆಯುವ ಸ್ಪರ್ಧೆ, ನಡೆದದ್ದೂ ಇಲ್ಲೇ. ಸ್ಕೀ ವಸ್ತುಸಂಗ್ರಹಾಲಯ ಒಂದಿದೆ, ಹಳೆಯ ಮರದ ಸ್ಕೀಗಳನ್ನು ನೋಡಲಿಕ್ಕಾದರೂ ಹೋಗಿ.

ಇಳಿಜಾರಿನ ಒಟ್ಟು ಎತ್ತರ ಸಾವಿರ ಮೀಟರಿಗಿಂತ ಜಾಸ್ತಿ. ಬೆಟ್ಟದ ತಲೆಯಿಂದ ಊರಿನವರೆಗೆ ಉದ್ದದ ದಾರಿ ಹಿಡಿದರೆ 10 ಕಿಲೋಮೀಟರ್. ಬಲ್ಲವರಿಗೆ ಇಷ್ಟು ಸಾಕು. ನಮ್ಮಲ್ಲಿ ಹೆಚ್ಚಿನವರು ಸ್ಕೀ ಕಟ್ಟಿಕೊಂಡವರಲ್ಲ. ಕಲಿಯಬೇಕೆಂದರೆ ಕೆಳಗಿನ ಹಿಕಾಗೆ ಇಳಿಜಾರಿನಲ್ಲಿ ಸ್ಕೀ ಶಾಲೆ ಇದೆ, ಬಟ್ಟೆಯಿಂದ ಬೂಟಿನವರೆಗೆ ಎಲ್ಲವೂ ಬಾಡಿಗೆಗೆ ಸಿಗುತ್ತದೆ. ಅದೂ ಬೇಡವಾದರೆ ತಂತಿಯ ಮೇಲೆ ಸಾಗುವ ಗೊಂಡೋಲಾದಲ್ಲಿ ಮೇಲೆ ಹೋಗಿ, ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಅಗಲವಾದ ಸ್ನೋಶೂ ಕಟ್ಟಿಕೊಂಡು, ಗೈಡ್ ಜೊತೆ ಬೀಚ್ ಅನ್ನುವ ಎಲೆ ಉದುರುವ ಮರಗಳ ಕಾಡಿನಲ್ಲಿ ನಡೆಯಿರಿ. ನನ್ನ ಆಯ್ಕೆ ಅದೇ. ಹಿಮದ ಮೇಲೆ ಮೊಲದ, ನರಿಯ ಹೆಜ್ಜೆ ಕಾಣುತ್ತದೆ. ಹಗ್ಗ ಕಟ್ಟಿದ ಕಡೆ ಮಾತ್ರ ದಾಟಬೇಡಿ, ಅಲ್ಲಿ ಹಿಮ ಕುಸಿಯುತ್ತದೆ.

ಜನವರಿ 15ರ ರಾತ್ರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ದೋಸೋಜಿನ್ ಅಂದರೆ ದಾರಿಯನ್ನು, ಊರ ಗಡಿಯನ್ನು ಕಾಯುವ ದೇವರು. ಆ ದೇವರ ಬೆಂಕಿಹಬ್ಬ ಇದು. ಜಪಾನಿನಲ್ಲಿ 25 ಮತ್ತು 42 ಗಂಡಸರಿಗೆ ಗಂಡಾಂತರದ ವಯಸ್ಸು ಅನ್ನುವ ನಂಬಿಕೆ ಇದೆ. ಈ ಊರಿನಲ್ಲಿ ಆ ವಯಸ್ಸಿಗೆ ಬಂದವರೆಲ್ಲ ಸೇರಿ ಹಬ್ಬದ ಹೊರೆ ಹೊರಬೇಕು. ಶರತ್ಕಾಲದಲ್ಲೇ ಬೆಟ್ಟದಲ್ಲಿ ಬೀಚ್ ಮರ ಕಡಿದಿಟ್ಟಿರುತ್ತಾರೆ. ಜನವರಿ 13ಕ್ಕೆ ಅದನ್ನು ಹಿಮದ ಮೇಲೆ ಎಳೆದುಕೊಂಡು ಊರ ಬೀದಿಗೆ ತರುತ್ತಾರೆ. ಆ ದಿಮ್ಮಿಗಳನ್ನು ಕೈಯಿಂದಲೇ ನಿಲ್ಲಿಸಿ, ಹಗ್ಗದಲ್ಲಿ ಬಿಗಿದು, ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರದ ಗುಡಿಯೊಂದನ್ನು ಕಟ್ಟುತ್ತಾರೆ.

15ರ ರಾತ್ರಿ 42ರವರು ಆ ಗುಡಿಯ ಮೇಲೆ ಹತ್ತಿ ಕೂರುತ್ತಾರೆ. 25ರವರು ಬುಡದಲ್ಲಿ ಸುತ್ತ ನಿಲ್ಲುತ್ತಾರೆ. ಉಳಿದ ಊರಿನವರು ಉರಿಯುವ ಪಂಜು ಹಿಡಿದು ಗುಡಿಗೆ ಬೆಂಕಿ ಹಚ್ಚಲು ನುಗ್ಗುತ್ತಾರೆ. ಬುಡದಲ್ಲಿರುವ ಹುಡುಗರು ಪೈನ್ ಕೊಂಬೆಗಳಿಂದ ಬೆಂಕಿ ಬಡಿದು ಆರಿಸುತ್ತಾರೆ, ಮುಖಕ್ಕೆ ಕಿಡಿ ಬಿದ್ದರೂ ಜಾಗ ಬಿಡುವುದಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಹೀಗೆ ನಡೆಯುತ್ತದೆ. ಕೊನೆಗೆ ಕಾದಾಟ ನಿಲ್ಲಿಸಿ, ಮೇಲಿದ್ದವರನ್ನು ಇಳಿಸಿ, ಗುಡಿಯನ್ನು ಬೆಂಕಿಗೆ ಒಪ್ಪಿಸುತ್ತಾರೆ. ಆ ವರ್ಷ ಮೊದಲ ಮಗು ಹುಟ್ಟಿದ ಮನೆಯವರು ಮಾಡಿ ತಂದ ಎತ್ತರದ ಅಲಂಕಾರದ ದೀಪಗಳೂ ಅದರ ಜೊತೆಯಲ್ಲೇ ಉರಿದುಹೋಗುತ್ತವೆ. 1993ರಲ್ಲಿ ಜಪಾನ್ ಸರ್ಕಾರ ಇದನ್ನು ಮಹತ್ವದ ಜಾನಪದ ಪರಂಪರೆಯ ಪಟ್ಟಿಗೆ ಸೇರಿಸಿತು.

25ನೇ ವಯಸ್ಸಿಗೆ ಕೆಲಸಕ್ಕೆಂದು ಟೋಕಿಯೊದಲ್ಲಿರುವ ಹುಡುಗರೂ ಈ ದಿನಕ್ಕೆ ರಜೆ ಹಾಕಿ ಊರಿಗೆ ಬರುತ್ತಾರೆ. ಒಟ್ಟಿಗೆ ಬೆಂಕಿ ಎದುರಿಸಿದ ಆ ಗೆಳೆಯರೇ ಹದಿನೇಳು ವರ್ಷ ಕಳೆದ ಮೇಲೆ ಹಬ್ಬದ ದೊಡ್ಡ ಹೊಣೆ ಹೊರುತ್ತಾರೆ. ನೀವು ನೋಡಲು ಹೋಗುವುದಾದರೆ ವಸತಿ ಬಹಳ ಮುಂಚೆ ಕಾದಿರಿಸಿ, ಸಿಂಥೆಟಿಕ್ ಜಾಕೆಟ್ ಹಾಕಿಕೊಂಡು ಮುಂದೆ ನುಗ್ಗಬೇಡಿ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ವಸಂತ ಇಲ್ಲಿ ತಡವಾಗಿ, ಬೇರೆ ಬೇರೆ ಎತ್ತರದಲ್ಲಿ ಬೇರೆ ಬೇರೆ ದಿನ ಬರುತ್ತದೆ. ಮೇ ಮೊದಲ ವಾರ ಬೆಟ್ಟದ ತಲೆಯಲ್ಲಿ ಸ್ಕೀ ಇನ್ನೂ ನಡೆಯುತ್ತಿರುತ್ತದೆ. ಅದೇ ವಾರ ಕೆಳಗೆ ಚಿಕುಮಾ ದಂಡೆಯ ಈಯಾಮಾದಲ್ಲಿ ಹೊಲ ತುಂಬ ಹಳದಿ ಹೂವು. ಸಾಸಿವೆ ಹೊಲದ ಹಾಗೆ ಕಾಣುವ ಆ ಹೂವು ಯಾವುದು ಗೊತ್ತೇ? ನವೆಂಬರಿನಲ್ಲಿ ತೊಟ್ಟಿಯಲ್ಲಿ ತೊಳೆದ ಅದೇ ನೊಜಾವಾನಾ. ಹಿಂದೆ ಹಿಮ ಹೊದ್ದ ಬೆಟ್ಟ, ಮುಂದೆ ನದಿ, ನಡುವೆ ಈ ಹಳದಿ.

ಬೀಚ್ ಕಾಡಿನಲ್ಲಿ ಅದೇ ಹೊತ್ತಿಗೆ ಒಂದು ವಿಶೇಷ ಕಾಣುತ್ತದೆ. ನೆಲದ ಮೇಲೆ ಇನ್ನೂ ದಪ್ಪ ಹಿಮ, ಆದರೆ ಪ್ರತಿ ಮರದ ಬುಡದ ಸುತ್ತ ದುಂಡಗೆ ಹಿಮ ಕರಗಿ ಕಪ್ಪು ಮಣ್ಣು ತೋರುತ್ತದೆ. ಕಾಂಡ ಬಿಸಿಲು ಹೀರಿ ಬಿಸಿಯಾಗಿ ಸುತ್ತಲಿನ ಹಿಮವನ್ನು ಕರಗಿಸುತ್ತದೆ. ಎಳೆಯದಿದ್ದಾಗ ಹಿಮದ ಭಾರಕ್ಕೆ ಬಾಗಿದ ಮರಗಳು ಬುಡದಲ್ಲಿ ಸೊಟ್ಟಗಾಗಿಯೇ ಬೆಳೆದಿರುತ್ತವೆ. ಆ ಕಾಡನ್ನು ಊರಿನವರು ಜೋಪಾನ ಮಾಡುವುದು ಚೆಲುವಿಗೆ ಮಾತ್ರವಲ್ಲ. ಹಿಮ ಕರಗಿದ ನೀರನ್ನು ಹಿಡಿದಿಟ್ಟು ನಿಧಾನವಾಗಿ ನೆಲಕ್ಕೆ ಇಳಿಸುವುದು ಆ ಎಲೆಗೊಬ್ಬರದ ನೆಲ. ಊರಿನ ಗದ್ದೆಗೂ ಕುಡಿಯಲಿಕ್ಕೂ ಅದೇ ನೀರು.

ಬೇಸಿಗೆಯಲ್ಲಿ ಗೊಂಡೋಲಾ ಹತ್ತಿ ಉಯೆನೊದೈರಾ ಪ್ರಸ್ಥಭೂಮಿಗೆ ಹೋದರೆ ಅದೇ ಕಾಡು ಹಸಿರಾಗಿ, ಟೋಕಿಯೊದ ಸೆಕೆಯಿಂದ ಬಂದವರಿಗೆ ಉಸಿರು ಕೊಡುತ್ತದೆ. ನದಿಯ ಆಚೆ, ನಾಗಾನೊ ಮತ್ತು ನೀಗಾತಾ ಪ್ರಾಂತ್ಯಗಳ ಗಡಿಯ ಬೆಟ್ಟದೇಣಿನಲ್ಲಿ ಶಿನ್‌ಎತ್ಸು ಟ್ರೇಲ್ ಇದೆ. ಮೊದಲು 80 ಕಿಲೋಮೀಟರ್ ಇತ್ತು, 2021ರಲ್ಲಿ ನಾಯೆಬಾ ಬೆಟ್ಟದವರೆಗೆ 110 ಕಿಲೋಮೀಟರ್ ಆಯಿತು. ನಿಮ್ಮಲ್ಲಿ ಕುಮಾರಪರ್ವತ ಹತ್ತಿದವರಿಗೆ ಇದು ಕಷ್ಟವೇನಲ್ಲ. ಕರಡಿ ಇರುವ ಕಾಡು, ಚೀಲಕ್ಕೆ ಗಂಟೆ ಕಟ್ಟಿಕೊಳ್ಳಿ. ಸೆಪ್ಟೆಂಬರ್ 8 ಮತ್ತು 9ಕ್ಕೆ ಊರಿನ ಯುಜಾವಾ ದೇಗುಲದ ದೀಪದ ಹಬ್ಬ. ಅಕ್ಟೋಬರಿನಲ್ಲಿ ಬೀಚ್ ಎಲೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಅಂಗಡಿಗಳಲ್ಲಿ ಅಕೆಬಿ ಬಳ್ಳಿ ಹೆಣೆದು ಮಾಡಿದ ಹಾತೊಗುರುಮಾ ಸಿಗುತ್ತದೆ, ಚಕ್ರದ ಮೇಲೆ ಕೂತ ಪಾರಿವಾಳದ ಆಟಿಕೆ. ಪ್ಲಾಸ್ಟಿಕ್ ಕೀಚೈನ್ ಬದಲು ಅದನ್ನು ತನ್ನಿ.

ಒಂದು ಪಕ್ಕದ ಮಾತು. ಹಿಂದಿನ ಕಾಲದಲ್ಲಿ ಜಪಾನಿನ ರೈತರು ಕೊಯ್ಲು ಮುಗಿದ ಮೇಲೆ ಅಕ್ಕಿ, ಬೇಳೆ ಹೊತ್ತುಕೊಂಡು ಬಿಸಿನೀರಿನ ಊರಿಗೆ ಹೋಗಿ, ವಾರಗಟ್ಟಲೆ ಕೂತು, ತಾವೇ ಅಡುಗೆ ಮಾಡಿಕೊಂಡು ದಿನಕ್ಕೆ ಹಲವು ಸಲ ಸ್ನಾನ ಮಾಡುತ್ತಿದ್ದರು. ಇದಕ್ಕೆ ತೋಜಿ ಅನ್ನುತ್ತಾರೆ. ಸೊಂಟ ನೋವು, ಮಂಡಿ ನೋವು ಎಲ್ಲ ಆ ನೀರಿಗೆ ಬಿಟ್ಟು ಬರುವ ಕ್ರಮ. ನಮ್ಮ ಪ್ಯಾಕೇಜ್ ಟೂರಿನಲ್ಲಿ ಬೆಳಿಗ್ಗೆ ಹಿಮಕೋತಿಗಳ ಉದ್ಯಾನ, ಮಧ್ಯಾಹ್ನ ಒಂದು ಕೋಟೆ, ಸಂಜೆ ಒಂದು ಒನ್ಸೆನ್ ಅಂತ ಹಾಕುತ್ತಾರೆ. ದಯವಿಟ್ಟು ಹಾಗೆ ಹೋಗಬೇಡಿ. ಒಂದೇ ಊರಿನಲ್ಲಿ ಮೂರು ನಾಲ್ಕು ರಾತ್ರಿ ಉಳಿಯಿರಿ. ಮೊದಲ ದಿನ ದಣಿವು ಮಾತ್ರ ಹೋಗುತ್ತದೆ. ಮೂರನೆಯ ದಿನ ಸ್ನಾನದ ಮನೆಯಲ್ಲಿ ಯಾರೋ ನಿಮ್ಮನ್ನು ಗುರುತು ಹಿಡಿದು ತಲೆಬಾಗುತ್ತಾರೆ.

ಊಟದ ಬಗ್ಗೆ ನಿಮ್ಮಿಂದ ಮುಂಚೆಯೇ ಪ್ರಶ್ನೆಯ ಚೀಟಿ ಬಂದಿದೆ. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಸಾರು, ಪಲ್ಯ, ನೂಡಲ್ಸ್ ಎಲ್ಲಕ್ಕೂ ಒಣ ಮೀನಿನಿಂದ ತೆಗೆದ ದಾಶಿ ಹಾಕುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಜೂನ್ ಹೊತ್ತಿಗೆ ಬೆಟ್ಟದಲ್ಲಿ ಸಣ್ಣ ಬಿದಿರಿನ ಕಳಲೆ ಬರುತ್ತದೆ. ಮಲೆನಾಡಿನವರಿಗೆ ಬಾಯಲ್ಲಿ ನೀರೂರುತ್ತದೆ, ಆದರೆ ಇಲ್ಲಿನವರು ಅದನ್ನು ಡಬ್ಬದ ಬಂಗುಡೆ ಮೀನು ಹಾಕಿ ಮಿಸೊ, ಅಂದರೆ ಹುದುಗಿಸಿದ ಸೋಯಾ ಹಿಟ್ಟಿನ, ಸಾರು ಮಾಡುತ್ತಾರೆ. ಸುಟ್ಟ ಕಳಲೆ ಸಿಕ್ಕರೆ ಅದನ್ನು ಕೇಳಿ. ನೊಜಾವಾನಾ ತುಂಬಿದ ಒಯಾಕಿ ಅನ್ನುವ ಕಡುಬಿನಂಥ ತಿಂಡಿ ಬೀದಿಯಲ್ಲೇ ಬಿಸಿಬಿಸಿ ಸಿಗುತ್ತದೆ, ಅದರಲ್ಲೂ ದಾಶಿ ಇದೆಯೇ ಎಂದು ಕೇಳಿಕೊಳ್ಳಿ. ಸಣ್ಣ ವಸತಿಗೃಹದವರಿಗೆ ಹೋಗುವ ಮುಂಚೆಯೇ ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂದು ಜಪಾನಿಯಲ್ಲಿ ಬರೆದು ಕಳಿಸಿ. ಬಂದು ಕೂತ ಮೇಲೆ ಹೇಳಿದರೆ ಅವರಿಗೆ ಬಹಳ ಸಂಕಟ.

ಕೊನೆಯ ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ, ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ ಎಂದು. ಹೋಗಬಹುದು. 2015ರಿಂದ ಹೊಕುರಿಕು ಶಿಂಕಾನ್ಸೆನ್ ಬುಲೆಟ್ ರೈಲು ಈಯಾಮಾದಲ್ಲಿ ನಿಲ್ಲುತ್ತದೆ, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಚಳಿಗಾಲ ಬೇಡ, ಬೀದಿ ಜಾರುತ್ತದೆ. ಮೇ ಎರಡನೇ ವಾರ ಅಥವಾ ಅಕ್ಟೋಬರ್ ಒಳ್ಳೆಯದು. ಓಯು ಹತ್ತಿರವೇ ವಸತಿ ಹಿಡಿದರೆ ಏರು ಹತ್ತುವುದು ತಪ್ಪುತ್ತದೆ. ಮೊದಲು ವಸತಿಗೃಹದೊಳಗಿನ ತೊಟ್ಟಿಯಲ್ಲಿ ಇಳಿಸಿ, ಅಲ್ಲಿ ಬಿಸಿ ಸ್ವಲ್ಪ ಹದವಾಗಿರುತ್ತದೆ, ಹಿಡಿದುಕೊಳ್ಳಲು ಕಂಬಿಯೂ ಇರಬಹುದು. ಊರಿನ ಸ್ನಾನದ ಮನೆಗೆ ಬೆಳಗಿನ ಜನ ಹೋದ ಮೇಲೆ ಕರೆದುಕೊಂಡು ಹೋಗಿ. ಅಮ್ಮನ ಜೊತೆ ಮನೆಯ ಹೆಂಗಸರೊಬ್ಬರು ಒಳಗೆ ಇರಲೇಬೇಕು, ಅಪ್ಪನ ಜೊತೆ ನೀವಿರಿ. ತಲೆ ತಿರುಗುವುದು ಎದ್ದು ನಿಲ್ಲುವಾಗಲೇ.